ಓದದೆ ಹಾಕಿದ ರೈಟು

ಫೋನಿನಲ್ಲಿ ಕನ್ನಡ ಟೈಪು ಮಾಡುವುದನ್ನು ಮೊಮ್ಮಗಳು ಕಲಿಸಿ ಇನ್ನೂ ತಿಂಗಳಾಗಿಲ್ಲ. ನಾನು ಒಂದು ಅಕ್ಷರ ಒತ್ತುವಷ್ಟರಲ್ಲಿ ಇದು ಇಡೀ ಪದವನ್ನು ತಾನೇ ತಂದು ನಿಲ್ಲಿಸುತ್ತದೆ. ‘ಅಕ್ಕ’ ಎಂದು ಬರೆಯಲು ಹೋದರೆ ‘ಅಕ್ಕಿ’ ಎನ್ನುತ್ತದೆ. ಪೂರ್ತಿ ಕೇಳುವ ಮೊದಲೇ ಗೊತ್ತಾಯಿತು ಅನ್ನುವ ಈ ಬುದ್ಧಿ ನನಗೂ ಇತ್ತು. ಅದರಿಂದ ಆದದ್ದನ್ನು ಬರೆಯಬೇಕೆಂದೇ ಟೈಪು ಕಲಿತೆ.

ನಮ್ಮಪ್ಪ ರಾಯಚೂರಿನಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರು. ಅವ್ವ ಬೇಗ ತೀರಿಕೊಂಡಿದ್ದಳು. ಅಕ್ಕನನ್ನೂ ನನ್ನನ್ನೂ ಅಪ್ಪನೇ ಬೆಳೆಸಿ, ಅಕ್ಕನನ್ನು ದೇವದುರ್ಗಕ್ಕೆ, ನನ್ನನ್ನು ಮಾನ್ವಿಗೆ ಕೊಟ್ಟರು. ಎಪ್ಪತ್ತರ ದಶಕ ಅರ್ಧ ದಾಟಿತ್ತು. ನಾನು ಗಂಡನ ಮನೆಗೆ ಹೊರಟಾಗ ಅಪ್ಪ ನಾವು ಸತ್ಯವೇದ ಎನ್ನುವ ಒಂದು ಬೈಬಲ್ಲನ್ನೂ ಶಾಲೆಯ ಒಂದು ಖಾಲಿ ಹಾಜರಿ ಪುಸ್ತಕವನ್ನೂ ಕೊಟ್ಟರು. ಮಕ್ಕಳ ಹೆಸರು ಬರೆಯುವ ಜಾಗದಲ್ಲಿ ಯಾವ ದಿನ ಯಾವ ಅಧ್ಯಾಯ ಎಂದು ಅವರೇ ದುಂಡಗೆ ಬರೆದಿದ್ದರು. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಒಂದು ಅಧ್ಯಾಯ ಓದಬೇಕು, ಓದಿ ರೈಟು ಹಾಕಬೇಕು. ತಿಂಗಳ ಕೊನೆಯ ಶನಿವಾರ ಅವರು ಬಸ್ಸಿನಲ್ಲಿ ಬಂದು, ನೋಡಿ, ಕೆಂಪು ಶಾಯಿಯಲ್ಲಿ ಸಹಿ ಮಾಡಿ, ಮುಂದಿನ ತಿಂಗಳಿನದು ಬರೆದುಕೊಟ್ಟು ಹೋಗುತ್ತಿದ್ದರು.

ಮೊದಲ ತಿಂಗಳು ಓದಿದೆ. ಎರಡನೆಯ ತಿಂಗಳು ಅರ್ಧ ಓದಿದೆ. ಆಮೇಲೆ ಬಸುರಿ, ಬಾಣಂತಿ, ಕೊಡ ಹಿಡಿದು ನೀರಿನ ಸಾಲು, ಎಂಟು ಮಂದಿಗೆ ರೊಟ್ಟಿ ಎಂಬ ನೆಪಗಳು ಸಿಕ್ಕವು. ಅಪ್ಪ ಬರುವ ಶನಿವಾರ ಬೆಳಿಗ್ಗೆ ಕುಳಿತು ಇಡೀ ತಿಂಗಳಿನ ರೈಟು ಹಾಕುತ್ತಿದ್ದೆ. ಅದರಲ್ಲೂ ಕಸಬು ತೋರಿಸುತ್ತಿದ್ದೆ. ಕೆಲವು ಪೆನ್ಸಿಲ್ಲಿನಲ್ಲಿ, ಕೆಲವು ಪೆನ್ನಿನಲ್ಲಿ. ಕೂಸು ಕೈ ಎಳೆದಂತೆ ಕಾಣಲೆಂದು ಒಂದೆರಡು ಸೊಟ್ಟಗೆ. ಒಂದರ ಮೇಲೆ ಎಣ್ಣೆಯ ಬೆರಳು. ಅಷ್ಟು ಹೊತ್ತಿನಲ್ಲಿ ನಾಲ್ಕು ಅಧ್ಯಾಯ ಓದಬಹುದಿತ್ತು.

ಒಮ್ಮೆ ಗಡಿಬಿಡಿಯಲ್ಲಿ ಭಾನುವಾರ, ಸೋಮವಾರಕ್ಕೂ ರೈಟು ಹಾಕಿಬಿಟ್ಟಿದ್ದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ಕೇಳಿದರು.

“ನಾಳಿಂದು, ನಾಡಿದ್ದಿಂದು ಇವತ್ತೇ ಓದಿಯೇನವ್ವಾ?”

“ಕೈ ಜಾರೇದೆಪ್ಪಾ.”

“ಇಷ್ಟು ವರ್ಷ ಹಾಜರಿ ತಗೊಂಡೀನಿ. ನಾಳಿ ಬರ್ತೀನಂತ ಇವತ್ತೇ ‘ಹಾಜರ್ ಸಾರ್’ ಅಂದ ಹುಡುಗೂರ್ನ ಒಬ್ಬರನ್ನೂ ನೋಡಿಲ್ಲ.”

ನಕ್ಕು, ಆ ಎರಡರ ಸುತ್ತ ಕೆಂಪು ಗುಂಡು ಎಳೆದರು. ಉಳಿದದ್ದನ್ನೆಲ್ಲ ನಂಬಿ ಸಹಿ ಹಾಕಿದರು.

ಇನ್ನು ಅಕ್ಕನ ವಿಷಯ. ಅಕ್ಕ ಚರ್ಚಿನ ಸಭೆಯಲ್ಲಿ ಕೀರ್ತನೆ ಹಾಡುವಾಗ ಕಣ್ಣು ಮುಚ್ಚುತ್ತಿದ್ದಳು. ಸ್ವರ ಮೂಗಿನಲ್ಲಿ ಬರುತ್ತಿತ್ತು. ಎಲ್ಲರೂ ನಿಲ್ಲಿಸಿದ ಮೇಲೂ ಕೊನೆಯ ಪದವನ್ನು ಒಬ್ಬಳೇ ಎಳೆಯುತ್ತಿದ್ದಳು. ಒಂದು ಕ್ರಿಸ್ಮಸ್ಸಿಗೆ ನಾನು ದೇವದುರ್ಗಕ್ಕೆ ಹೋಗಿದ್ದೆ. ಊಟವಾದ ಮೇಲೆ ಅಕ್ಕನ ಅತ್ತೆ, ನಾದಿನಿಯರ ಮುಂದೆ ತಲೆ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚಿ, ಅವಳಂತೆಯೇ ಹಾಡಿ ತೋರಿಸಿದೆ. ಅಕ್ಕನ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣು ಬಿಟ್ಟರೆ ಅಕ್ಕ ನೀರಿನ ಚರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ.

“ಕೋತಿ” ಅಂದಳು.

“ಕೋತಿಗಿ ತಾಳಾದ್ರೂ ಗೊತ್ತಿರ್ತದ” ಅಂದೆ.

ಮತ್ತೆ ಎಲ್ಲರೂ ನಕ್ಕರು. ನಾನೂ ಅಕ್ಕನೂ ಆಡಿದ ಕೊನೆಯ ಮಾತು ಅದೇ. ಅವತ್ತಿನಿಂದ ಅವಳ ಅತ್ತೆ ದಿನಾ ‘ಹಾಡಬೇ, ನಿನ್ನ ತಂಗಿ ಹಾಡಿದಂಗ ಹಾಡು’ ಎಂದು ಕಾಡುತ್ತಾಳೆಂದೂ, ಅಕ್ಕ ಸಭೆಯಲ್ಲಿ ಹಾಡುವುದನ್ನೇ ಬಿಟ್ಟಿದ್ದಾಳೆಂದೂ ಯಾರೋ ಹೇಳಿದರು. ಒಂದು ಸಲ ಹೋಗಿಬರೋಣ ಅನಿಸಿತು. ಆದರೆ ನನ್ನನ್ನು ಕೋತಿ ಅಂದವಳು ಅವಳು, ಮೊದಲು ಅವಳೇ ಮಾತಾಡಲಿ ಎಂದು ಬಿಗಿದುಕೊಂಡೆ. ಹೀಗೇ ಎರಡು ವರ್ಷ ಹತ್ತಿರ ಬಂತು. ಅಪ್ಪ ಇಬ್ಬರಿಗೂ ಏನೂ ಅನ್ನಲಿಲ್ಲ.

ಒಂದು ಬೇಸಿಗೆಯ ತಿಂಗಳು ಹಾಜರಿ ಪುಸ್ತಕದಲ್ಲಿ ಒಂದೇ ಅಧ್ಯಾಯ ಸಾಲಾಗಿ ಮೂರು ದಿನ ಇತ್ತು: ಮತ್ತಾಯ ಐದು. ಅಪ್ಪನಿಗೆ ವಯಸ್ಸಾಯಿತು, ಬರೆದದ್ದೇ ಬರೆದಿದ್ದಾರೆ ಅಂದುಕೊಂಡು ಮೂರು ರೈಟು ಹಾಕಿದೆ. ಶನಿವಾರ ಬಂದ ಅಪ್ಪ ಬೇರೆ ಯಾವುದನ್ನೂ ನೋಡಲಿಲ್ಲ. ಆ ಮೂರರ ಮೇಲೆ ಬೆರಳಿಟ್ಟರು.

“ಮೂರೂ ದಿನ ಓದಿಯವ್ವಾ?”

“ಮೂರೂ ದಿನ ಓದೀನಿ.”

“ಮತ್ತ ಆ ಮಾತು ಕೇಳ್ತಿ?”

ನಮ್ಮಲ್ಲಿ ಕೇಳುವುದೆಂದರೆ ಕಿವಿಗೆ ಬೀಳುವುದೂ ಹೌದು, ಹೇಳಿದಂತೆ ನಡೆಯುವುದೂ ಹೌದು. ಯಾವ ಮಾತು ಎಂದೇ ನನಗೆ ಗೊತ್ತಿರಲಿಲ್ಲ.

“ಕೇಳ್ತೀನೆಪ್ಪಾ. ನಿಮ್ಮ ಮಾತು ಯಾವಾಗ ಕೇಳಿಲ್ಲ ನಾನು?”

“ಅದು ನನ್ನ ಮಾತಲ್ಲವ್ವಾ” ಎಂದರು. ಕಣ್ಣು ತುಂಬಿದ್ದವು. ಬಸ್ಸಿನ ಧೂಳು ಬಿದ್ದಿರಬೇಕು ಅಂದುಕೊಂಡೆ. ನಾನು ರೊಟ್ಟಿ ಬಡಿಯುತ್ತಿದ್ದೆ, ಅವರು ಊಟಕ್ಕೂ ನಿಲ್ಲಲಿಲ್ಲ. “ಸಿರವಾರದ ಬಸ್ಸು ತಪ್ತದ” ಎಂದು ಹೊರಟೇಬಿಟ್ಟರು. ಸಿರವಾರ ದೇವದುರ್ಗದ ದಾರಿ. ರಾಯಚೂರಿಗೆ ಹೋಗುವವರಿಗೆ ಆ ಬಸ್ಸು ಯಾಕೆ ಎಂದು ನಾನು ಕೇಳಲಿಲ್ಲ.

ತಿಂಗಳು ತುಂಬುತ್ತ ಬಂದಿತ್ತು, ಅಪ್ಪ ಬರುವ ಶನಿವಾರ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಜೋಳ ಹಸನು ಮಾಡುತ್ತ ಕುಳಿತಿದ್ದೆ. ದೇವದುರ್ಗದಿಂದ ಅಕ್ಕನ ಮೈದುನ ಬಂದು ಬಾಗಿಲಲ್ಲೇ ನಿಂತ. ಅಕ್ಕನಿಗೆ ಕಾಮಾಲೆ ಏರಿತ್ತಂತೆ. ಬೆಳಿಗ್ಗೆ ತೀರಿಕೊಂಡಳು ಅಂದ.

ನಾನು ಹೋಗುವಷ್ಟರಲ್ಲಿ ಮೈ ತೊಳೆದು ಮಲಗಿಸಿದ್ದರು. ಮುಖ ಅರಿಶಿನ ಬಳಿದಂತೆ ಹಳದಿಯಾಗಿತ್ತು. ಅವಳ ಅತ್ತೆ ನನ್ನ ಎರಡೂ ಭುಜ ಹಿಡಿದು ಅಲುಗಾಡಿಸಿದಳು.

“ಈಗ ಬಂದೇನ ಬೇ? ಈಗ ಬಂದಿ? ನಿಮ್ಮಪ್ಪ ಬಂದು ಹೇಳಿ ಹೋದಾಗಿಂದ ನಿನ್ನ ದಾರಿ ನೋಡಿದ್ಳಲ್ಲ! ತಂಗಿ ಮಾತು ಕೇಳ್ಯಾಳ, ಬರ್ತಾಳ ಅಂತ. ಬಸ್ಸಿನ ಸಪ್ಪಳಾದ್ರ ಸಾಕು, ಎದ್ದು ಬಂದು ಕಟ್ಟಿ ಮ್ಯಾಲ ಕುಂಡ್ರತಿದ್ಳು. ಜ್ವರದಾಗ ಒಳಗ ನಡಿ ಅಂದ್ರ, ‘ರೈಟು ಹಾಕ್ಯಾಳ ಅತ್ತಿ, ಬರದ ಇರಂಗಿಲ್ಲ ಆಕಿ’ ಅಂತಿದ್ಳು.”

ನನಗೆ ಏನೊಂದೂ ತಿಳಿಯಲಿಲ್ಲ. ಮಣ್ಣು ಮುಗಿಸಿ ಮಾನ್ವಿಗೆ ಬಂದ ಮರುದಿನ ಬೆಳಿಗ್ಗೆ, ಅಪ್ಪ ಬೆರಳಿಟ್ಟ ಮೂರು ರೈಟು ನೆನಪಾಗಿ, ಮತ್ತಾಯ ಐದು ತೆಗೆದು ಮೊದಲ ಸಲ ಓದಿದೆ. ದೇವರಿಗೆ ಕಾಣಿಕೆ ತಂದಾಗ ನಿನ್ನಿಂದ ಯಾರಿಗೋ ನೋವಾಗಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವರೊಂದಿಗೆ ಒಂದಾಗು ಎಂಬ ಮಾತು ಅಲ್ಲಿತ್ತು. ಅಪ್ಪ ಬಾಯಿಂದ ಹೇಳಲಾರದೆ ಮೂರು ಸಲ ಬರೆದುಕೊಟ್ಟದ್ದು ಅದು.

ಹಾಜರಿ ಪುಸ್ತಕ ಹಿಡಿದು ರಾಯಚೂರಿಗೆ ಹೋದೆ.

“ಓದಿಲ್ಲೆಪ್ಪಾ. ಅದನ್ನೂ ಓದಿಲ್ಲ, ಉಳಿದಿದ್ದೂ ಓದಿಲ್ಲ. ಎಲ್ಲಾ ಸುಳ್ಳು ರೈಟು.”

ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ನಿಂತಿದ್ದೆ. ಅವರು ಒಂದೊಂದೇ ಪುಟ ತಿರುವಿ ತಮ್ಮ ಕೆಂಪು ಸಹಿಗಳನ್ನು ನೋಡಿದರು.

“ಹೋಗಿ ಬಾರವ್ವಾ ಅಂತ ಬಾಯಿ ಬಿಟ್ಟು ಅಂದಿದ್ರ ಮುಗೀತಿತ್ತು” ಅಂದರು. “ಹೆತ್ತ ಮಕ್ಕಳ ಮುಂದೂ ಮಾಸ್ತರಕಿ ಮಾಡಿದೆ ನಾನು.”

“ಈಗ ಏನು ಮಾಡ್ಲೆಪ್ಪಾ?”

“ಓದಿಯಲ್ಲ, ಅದರಾಗ ಏನದ? ಹೋಗು ಅಂತದ. ಹೋಗು.”

“ಅಕ್ಕ ಎಲ್ಲಿದ್ದಾಳಪ್ಪಾ?”

“ಇಲ್ಲ. ಆದ್ರೂ ಹೋಗು.”

ಆಮೇಲೆ ಅಪ್ಪ ಹಾಜರಿ ಬರೆದುಕೊಡಲಿಲ್ಲ. ನಾನೂ ಕೇಳಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು, ಕುಳಿತರೆ ತೂಕಡಿಕೆ ಬರುತ್ತದೆಂದು ಗೋಡೆಗೆ ಒರಗದೆ ನಿಂತು ಓದುವುದನ್ನು ರೂಢಿ ಮಾಡಿಕೊಂಡೆ. ಓದಿದ್ದರಲ್ಲಿ ಏನಾದರೂ ಮಾಡು ಎಂದಿದ್ದರೆ ಅದನ್ನು ಅವತ್ತೇ ಮಾಡಬೇಕು ಎಂದು ನನಗೆ ನಾನೇ ಕಟ್ಟು ಹಾಕಿಕೊಂಡೆ. ಹಾಗೆ ಎಂಟು ತಿಂಗಳಿಂದ ನಮ್ಮ ಮನೆಯಲ್ಲೇ ಉಳಿದಿದ್ದ ನೆರೆಮನೆಯ ಜರಡಿ ವಾಪಸು ಹೋಯಿತು. ಉಪ್ಪಿನಕಾಯಿಯ ಭರಣಿ ಒಡೆದದ್ದು ಬೆಕ್ಕಲ್ಲ, ನಾನು ಎಂದು ನನ್ನ ಅತ್ತೆಗೂ ತಿಳಿಯಿತು. ಸಣ್ಣ ಮಾತು ಕೇಳುವುದೂ ಸುಲಭವಾಗಿರಲಿಲ್ಲ. ದೇವದುರ್ಗಕ್ಕೆ ಹೋಗುವುದು ಅದಕ್ಕಿಂತ ಕಷ್ಟವಿತ್ತು.

ಮೊದಲ ಸಲ ಹೋದಾಗ ಅಕ್ಕನ ಅತ್ತೆ ಬಾ ಎನ್ನಲಿಲ್ಲ. ಹೊಸ್ತಿಲ ಹೊರಗೆ ಕುಳಿತು ಎದ್ದು ಬಂದೆ. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಒಂದು ಚರಿಗೆ ನೀರು ತಂದಿಟ್ಟಳು. ನನ್ನ ಚೀಲದಲ್ಲಿದ್ದ ಸತ್ಯವೇದ ಕಂಡು, “ನನಗ ಅಕ್ಷರ ಬರಂಗಿಲ್ಲ. ಆಕಿ ಓದಿ ಹೇಳ್ತಿದ್ಳು. ಓದು” ಅಂದಳು.

ಮತ್ತಾಯ ಐದನ್ನೇ ತೆಗೆದೆ. ಎರಡು ಸಾಲು ಓದುವಷ್ಟರಲ್ಲಿ ಅವಳು ತಡೆಯುತ್ತಿದ್ದಳು.

“ಅಂದ್ರ ಏನು ಮಾಡಬೇಕಂತ?”

ನಾನು ಹೇಳುತ್ತಿದ್ದೆ. ಮುಂದೆ ಓದುತ್ತಿದ್ದೆ. ಆ ಮಾತು ಬಂತು.

“ಅಂದ್ರ ಏನು ಮಾಡಬೇಕಂತ?”

“ನೋವು ಮಾಡಿದವರು ಮೊದಲ ಹೋಗಿ ಅವರ ಜೋಡಿ ಒಂದಾಗಬೇಕಂತ, ಯವ್ವಾ.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ನೀ ಒಂದು ದಿನ ಅಣಕಿಸಿದಿ. ನಾ ದಿನಾ ನಕ್ಕೆ” ಅಂದಳು. ಆಮೇಲೆ, “ಹೋಗಾಕ ಆ ಮನುಷ್ಯಾಳೇ ಇಲ್ಲಾಂದ್ರ ಏನು ಮಾಡಬೇಕಂತ ಬರದಾರ? ಕೆಳಗ ನೋಡು.”

ನೋಡಿದೆ. ಕೆಳಗೆ ಬೇರೆ ಮಾತು ಶುರುವಾಗಿತ್ತು.

“ಇಲ್ಲ ಯವ್ವಾ.”

“ಈ ಕಡಿ ಪುಟದಾಗ?”

ಪುಟ ತಿರುವಿದೆ. ಅಕ್ಷರ ಬಾರದ ಮುದುಕಿ ನನ್ನ ಭುಜಕ್ಕೆ ಭುಜ ತಾಗಿಸಿ ಬಗ್ಗಿದಳು. ಇಬ್ಬರೂ ಹುಡುಕತೊಡಗಿದೆವು.