ಎರಡು ಬಣವೆಯ ಮನೆ

ಸರ್ಕಾರಿ ದವಾಖಾನೆಯ ನರ್ಸ್ ಆಗಿ ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ವರ್ಗವಾಗುವುದರಲ್ಲೇ ನನ್ನ ನೌಕರಿ ಮುಗಿಯಿತು. ಈಗ ಮನಗೂಳಿ ಹತ್ತಿರದ ಗಂಡನ ಊರಿನಲ್ಲಿದ್ದೇನೆ. ಎದ್ದ ಕೂಡಲೇ ಹಾಸಿಗೆ ಮಡಚಬೇಕು, ಆಮೇಲೆ ಎಲ್ಲರ ಬಿಪಿ ನೋಡಬೇಕು, ಚಹಾ ಅದಾದ ಮೇಲೆ. ಮನೆಯಲ್ಲಿ ಯಾರಿಗೂ ಇದು ಇಷ್ಟವಿಲ್ಲ. ಇಷ್ಟವಿಲ್ಲದ್ದನ್ನು ಮಾಡಿಸುವುದೇ ನನ್ನ ಕೆಲಸವಾಗಿತ್ತು. ಈಗೀಗ ಅದರಿಂದ ನನಗೇ ದಣಿವಾಗುತ್ತದೆ.

ಸುಗ್ಗಿಯ ಕೊನೆಗೆ ವಾರ್ಡಿಗೆ ಬರುತ್ತಿದ್ದವರನ್ನು ನೋಡಿ ನೋಡಿ ಸಾಕಾಗಿತ್ತು. ಬೇವಿನ ಗಿಡದಿಂದ ಬಿದ್ದವರು, ಮಾಳಿಗೆಯ ಬೆಳಕಿಂಡಿಯಲ್ಲಿ ಕಾಲಿಟ್ಟವರು, ಬಣವೆಯಿಂದ ಜಾರಿದವರು. ಹೊತ್ತು ತಂದವರದು ಒಂದೇ ಮಾತು: “ಏನ್ ಮಾಡೂದ್ರಿ ಸಿಸ್ಟರ್, ಹಣೇಬರಾ.” ನಾನು ಕತ್ತರಿ ತೆಗೆದುಕೊಂಡು ಅಂಗಿ ಕತ್ತರಿಸುತ್ತಿದ್ದೆ.

ಕೊನೆಗೆ ನನ್ನ ಗಂಡನೇ ಬಿದ್ದರು. ನಮ್ಮ ಕಡೆ ತೆನೆ ಮುರಿದ ಜೋಳದ ದಂಟನ್ನು, ಅಂದರೆ ಕಣಿಕೆಯನ್ನು, ಸೂಡು ಸೂಡಾಗಿ ಕಟ್ಟಿ ದನದ ಮೇವಿಗೆ ಬಣವೆ ಒಟ್ಟುತ್ತಾರೆ. ಕೆಳಗಿನವರು ಸೂಡು ಎಸೆಯುತ್ತಾರೆ, ಮೇಲಿನವನು ಹಿಡಿದು ಜೋಡಿಸುತ್ತಾ ಏರುತ್ತಾನೆ. ಕೆಲಸ ಮುಗಿಯುವಾಗ ಅವನು ಮನೆಯ ಮಾಳಿಗೆಗಿಂತ ಮೇಲಿರುತ್ತಾನೆ. ಇಳಿಯಲು ಏಣಿ ಹಚ್ಚಿದರೆ ನಗುತ್ತಾರೆ. ಬಣವೆಯ ನೆತ್ತಿಯ ಮೇಲೆ ಹಾಯಿಸಿ ಹಗ್ಗ ಒಗೆಯುತ್ತಾರೆ. ಆಚೆ ಬದಿಯಲ್ಲಿ ಆಳುಗಳು ಜಗ್ಗಿ ಹಿಡಿದರೆ ಈಚೆಯಿಂದ ಅವನು ಇಳಿಯುತ್ತಾನೆ. ಬಣವೆ ನಡುವೆ ಇರುವುದರಿಂದ ಹಿಡಿದವರಿಗೆ ಇಳಿಯುವವನು ಕಾಣುವುದಿಲ್ಲ. ಹಗ್ಗ ಹಗುರಾದರೆ ಅವನು ನೆಲ ಮುಟ್ಟಿದ ಎಂದು ತಿಳಿಯಬೇಕು, ಅಷ್ಟೇ.

ನನ್ನ ಗಂಡ ಅರ್ಧ ಇಳಿದಾಗ ಒಂದು ಸೂಡು ಹೊರಗೆ ಚಾಚಿದ್ದನ್ನು ಕಂಡರು. ಬಣವೆಗೆ ಕಾಲು ಒತ್ತಿ ನಿಂತು ಅದನ್ನು ಒಳಗೆ ತುರುಕಲು ಹೋದರು. ಹಗ್ಗ ಹಗುರಾಯಿತು. ಆಚೆಯವರು ಬಿಟ್ಟುಬಿಟ್ಟರು.

ಅಂದಿನಿಂದ ಅವರು ಕೋಲು ಹಿಡಿದು ಕಟ್ಟೆಯ ತನಕ ಬರುತ್ತಾರೆ, ಅಲ್ಲೇ ಕೂರುತ್ತಾರೆ. ಬಣವೆ ಒಟ್ಟುವುದು ಮೈದುನನ ಪಾಲಿಗೆ ಬಂತು. ಹಗ್ಗವನ್ನು ಜನರ ಕೈಗೆ ಕೊಡದೆ ಗೂಟಕ್ಕೆ ಕಟ್ಟಬೇಕು ಎಂದು ನಾನು ಹಟ ಹಿಡಿದೆ. “ಮಂದಿ ಮ್ಯಾಲ ನಂಬಿಗಿ ಇಲ್ಲಂದಂಗ ಆತಲ್ಲ ವೈನಿ,” ಎಂದು ಗೊಣಗುತ್ತಲೇ ಕಟ್ಟಿಸಿದ.

ಈ ವರ್ಷ ಹಗ್ಗದ ಮಾತು ಸಾಲಲಿಲ್ಲ. ಸುಗ್ಗಿಯ ಹೊತ್ತಿಗೆ ಮೈದುನನ ಬಿಪಿ ಏರುತ್ತಿತ್ತು, ಗುಳಿಗೆ ನುಂಗಿದರೆ ತೀರಾ ಇಳಿಯುತ್ತಿತ್ತು. ಒಂದು ಮುಂಜಾನೆ ಬಚ್ಚಲಿನಿಂದ ಬಂದವನು ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ನಿಂತ.

“ಚಕ್ಕರ್ ಬಂತೇನು?”

“ಇಲ್ರಿ ವೈನಿ, ಬಾಗ್ಲಾ ಗಟ್ಟಿ ಐತೇನ ನೋಡಿದೆ.”

“ನಿನ್ನ ತಲಿ ಗಟ್ಟಿ ಐತಿ. ಈ ಸಲ ಬಣವಿ ಏರಾಂಗಿಲ್ಲ.”

“ಮತ್ತ್ಯಾರ್ ಏರ್ತಾರ? ನೀವು ಏರ್ತೀರೇನು?”

ಅವನ ಪ್ರಶ್ನೆ ಸುಳ್ಳಲ್ಲ. ಮುಳವಾಡದ ಕಾಲುವೆ ನೀರು ಬಂದ ಮೇಲೆ ಸುತ್ತಲಿನವರು ಜೋಳ ಬಿಟ್ಟು ಕಬ್ಬು ಹಚ್ಚಿದರು. ಬಣವೆ ಒಟ್ಟಲು ಬಲ್ಲವರು ಒಬ್ಬೊಬ್ಬರಾಗಿ ಕಡಿಮೆಯಾದರು. ಹಾಗಾದರೆ ಬಣವೆಯನ್ನು ಅಗಲವಾಗಿ, ಗಿಡ್ಡಗೆ ಒಟ್ಟೋಣ ಎಂದೆ.

“ನಿಮ್ಮ ಮಾತು ದವಾಖಾನ್ಯಾಗ ನಡೀತಿತ್ತು. ನೆತ್ತಿ ಅಗಲ ಬಿಟ್ರ ಮಳಿನೀರು ಒಳಗ ಇಳೀತೈತಿ. ದೀಪಾವಳಿಗೆ ತಗದ್ರ ಕಣಿಕಿ ಅಲ್ಲ, ತಿಪ್ಪಿಗೊಬ್ಬರ ಬರ್ತೈತಿ.”

ಇದನ್ನೂ ಒಪ್ಪಲೇಬೇಕಾಯಿತು. ಎರಡು ದಿನ ಯೋಚಿಸಿದೆ. ನೆತ್ತಿ ಚೂಪಾಗಿರಬೇಕು, ಎತ್ತರ ಇರಬಾರದು. ಒಂದು ದೊಡ್ಡದರ ಬದಲು ಎರಡು ಸಣ್ಣ ಬಣವೆ ಒಟ್ಟಿದರೆ ಆಯಿತು. ಪಕ್ಕದಲ್ಲಿ ನಿಲ್ಲಿಸಿದ ಟ್ರ್ಯಾಕ್ಟರಿನ ಟ್ರೇಲರ್‌ನಲ್ಲಿ ನಿಂತೇ ನೆತ್ತಿ ಮುಚ್ಚಬಹುದು. ಇಷ್ಟು ಸರಳವಾದದ್ದು ಈ ಮನೆಯಲ್ಲಿ ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವೇ ಎಂದುಕೊಂಡು ರಾತ್ರಿ ಊಟದ ಹೊತ್ತಿಗೆ ಹೇಳಿದೆ.

ಮೈದುನ ರೊಟ್ಟಿ ಮುರಿಯುವುದು ನಿಲ್ಲಿಸಿದ. ಅವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಸೆರಗು ಬಾಯಿಗೆ ಹಿಡಿದಳು.

“ಅಕ್ಕಾ, ಒಂದ ಹಿತ್ತಲದಾಗ ಎರಡು ಬಣವಿ ಅಂದ್ರ ಏನಂತ ನಿಮಗ ಗೊತ್ತಿಲ್ಲೇನು? ಮನಿ ಪಾಲಾತು ಅಂತ. ಅಣ್ಣನ ಬಣವಿ ಬ್ಯಾರೆ, ತಮ್ಮನ ಬಣವಿ ಬ್ಯಾರೆ ಅಂತ.”

ಹೊಳೆದಿರಲಿಲ್ಲವೆಂದಲ್ಲ, ಹೊಳೆದವರು ಬಾಯಿ ಬಿಟ್ಟಿರಲಿಲ್ಲ. ನಮ್ಮ ಓಣಿಯಲ್ಲಿ ಪಾಲಾಗದೆ ಉಳಿದ ಅಣ್ಣತಮ್ಮಂದಿರ ಮನೆ ನಮ್ಮದೊಂದೇ. ಅದು ಮೈದುನನ ಮೀಸೆಯಷ್ಟೇ ಹೆಮ್ಮೆಯ ಸಂಗತಿ.

“ನಾ ಸತ್ತರೂ ಚಿಂತಿಲ್ಲ, ಎರಡು ಬಣವಿ ಬ್ಯಾಡ,” ಎಂದ.

ಸತ್ತರೆ ಒಂದು ರೀತಿ ಮುಗಿಯುತ್ತದೆ. ಸಾಯದವರನ್ನು ಎತ್ತಿ, ಒರೆಸಿ, ಮಗ್ಗುಲು ಬದಲಿಸುವವರು ಬೇರೆ ಇರುತ್ತಾರೆ. ಬಾಯಿಗೆ ಬಂದದ್ದನ್ನು ನುಂಗಿದೆ. ಗಂಡ ಎದುರಿಗೇ ಕುಳಿತಿದ್ದರು.

ಅವರು ಬಿದ್ದ ದಿನದ ಬಗ್ಗೆ ಎಂದೂ ಮಾತಾಡಿದವರಲ್ಲ. ಅಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

“ತಮ್ಮಾ, ಹಗ್ಗ ಹಿಡದಾವ್ರೊಳಗ ನೀನೂ ಇದ್ದಿ. ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಮುಂಜಾನಿ ನನ್ನ ಎತ್ತಿ ಕುಂಡ್ರಸಾಕ ದಿನಾ ನಿನ್ನ ಕೈ ಬೇಕು. ನೀನೂ ಬಿದ್ರ ನಮ್ಮಿಬ್ಬರನ್ನ ಈಕಿ ಒಬ್ಬಾಕಿ ಎತ್ತಬೇಕೇನು? ಎರಡ ಬಣವಿ ಒಟ್ಟು.”

ಮೈದುನ ತಲೆ ತಗ್ಗಿಸಿ ಉಳಿದ ರೊಟ್ಟಿ ಮುಗಿಸಿದ. ಕೈ ತೊಳೆಯಲು ಎದ್ದಾಗ ಮುಖ ಈಚೆ ತಿರುಗಿಸಲಿಲ್ಲ.

ಒಟ್ಟಿದ ದಿನ ನಾನು ಹಿತ್ತಲಲ್ಲೇ ಕುರ್ಚಿ ಹಾಕಿಕೊಂಡು ಕುಳಿತೆ. ಟ್ರೇಲರ್ ಚಕ್ರಗಳಿಗೆ ಅಡ್ಡ ಕಲ್ಲು ಇಡಿಸಿದೆ. ಬದಿಯ ಹಲಗೆಗಳ ಕೊಂಡಿ ಜಗ್ಗಿ ನೋಡಿದೆ. ಟ್ರೇಲರ್ ಸರಿಸುವಾಗ ಮೈದುನ ಕೆಳಗಿಳಿಯಬೇಕು ಎಂದೆ. ಪ್ರತಿ ಸಲವೂ ಹೇಳಿದ ಮೇಲೆಯೇ ಇಳಿದ. ಸೂಡು ಎಸೆಯುವ ಆಳು ನಕ್ಕು, “ಕಾಕಾ, ಇದು ಬಣವಿ ಅಲ್ಲ, ಗುಬ್ಬಿ ಗೂಡು,” ಎಂದ. ಮೈದುನನಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಎರಡರ ನೆತ್ತಿಯನ್ನೂ ತೀಡಿ ತೀಡಿ ಚೂಪು ಮಾಡಿದ. ಸಂಜೆ ಚಹಾ ಹಾಕಿಕೊಟ್ಟು ಬಿಪಿ ನೋಡಿದೆ. ಏರಿತ್ತು, ಆದರೆ ಮನುಷ್ಯ ನೆಲದ ಮೇಲಿದ್ದ.

ಆಮೇಲೆ ಶುರುವಾದದ್ದು ಪ್ರಶ್ನೆಗಳು. ಹಾಲಿನವಳು ಕೇಳಿದಳು. ಗಿರಣಿಯಲ್ಲಿ ಕೇಳಿದರು. ಇಂಡಿಯಿಂದ ನನ್ನ ತಂಗಿ ಫೋನು ಮಾಡಿ, ಹಲೋ ಅನ್ನುವ ಮೊದಲೇ ಅತ್ತಳು: “ಇಷ್ಟ ವರ್ಷ ಕೂಡಿ ಇದ್ದು ಈಗ್ಯಾಕ ಬ್ಯಾರೆ ಆದ್ರಿ ಅಕ್ಕಾ?” ಸಿಂದಗಿಯ ಬೀಗರು ಸಮಾಧಾನ ಹೇಳಲು ಬಂದು ಉಂಡು ಹೋದರು. ಪಾಲಾಗಿಲ್ಲ, ಬೀಳಬಾರದೆಂದು ಹೀಗೆ ಮಾಡಿದೆವು ಎಂದು ಎಲ್ಲರಿಗೂ ಹೇಳಿದೆ. ಎಲ್ಲರೂ ಹೌದೆಂದರು. ಒಬ್ಬರೂ ನಂಬಲಿಲ್ಲ.

ಅದಕ್ಕೆ ಮೈದುನ ತನ್ನದೇ ದಾರಿ ಹುಡುಕಿದ. ಮಧ್ಯಾಹ್ನದ ಊಟವನ್ನು ಅಡುಗೆ ಮನೆಯಿಂದ ಹೊರಗಿನ ಕಟ್ಟೆಗೆ ತಂದ. ರಸ್ತೆಗೆ ಕಾಣುವಂತೆ ಅಣ್ಣನ ಪಕ್ಕಕ್ಕೆ ತೊಡೆಗೆ ತೊಡೆ ಹಚ್ಚಿ ಕೂರುತ್ತಾನೆ. ಹೋಗುವವರು ಬರುವವರು ನೋಡಲಿ ಎಂದು ನಿಧಾನ ಉಣ್ಣುತ್ತಾನೆ. ಬಿಸಿ ರೊಟ್ಟಿ ಹಿಡಿದು ಒಳಗೆ ಹೊರಗೆ ತಿರುಗುವುದು ನನ್ನ ಪಾಲಿಗೆ. ಮೊಣಕಾಲು ಮಾತು ಕೇಳುವುದಿಲ್ಲ.

“ಸಾಕಿನ್ನ, ನಾಳಿಂದ ಒಳಗ ಉಣ್ರಿ,” ಎಂದೆ ಮೊನ್ನೆ.

“ಇನ್ನ ನಾಕ ದಿನ ವೈನಿ. ಒಂದೀಟ ತಡೀರಿ, ಬಾಗೇವಾಡಿ ಬಸ್ ಬರಾಕತ್ತೈತಿ.”

ಅವನು ಉಂಡು ಮುಗಿಸಿ ಆಗಲೇ ಬಹಳ ಹೊತ್ತಾಗಿತ್ತು. ಆದರೂ ಖಾಲಿ ತಟ್ಟೆಯಲ್ಲಿ ಕೈಯಿಟ್ಟು, ಅಣ್ಣನ ಕಡೆ ವಾಲಿ ಏನೋ ಹೇಳಿ ನಕ್ಕ. ನನ್ನ ಗಂಡನೂ ನಕ್ಕರು. ಕಿಟಕಿಯ ಬದಿಯವರು ನೋಡಿದರು. ಬಸ್ಸು ಹೋಯಿತು, ಧೂಳು ಕಟ್ಟೆಯ ಮೇಲೆ ಕೂತಿತು. ನಾನು ತಟ್ಟೆಗಳನ್ನು ಎತ್ತಿಕೊಂಡೆ.