ಕೆಂಪು ಚೀಟಿ ಇಲ್ಲದ ಮೆಷೀನ್

ಅಮೆರಿಕದ ಮನ್ರೋ ಊರಿನ ನಮ್ಮ ಮನೆಯಿಂದ ಅಷ್ಟೇನೂ ದೂರವಿಲ್ಲದ ಲೋಷನ್ ಫ್ಯಾಕ್ಟರಿಯಲ್ಲಿ ನಾನು ಬಾಟಲಿಗಳಿಗೆ ಮುಚ್ಚಳ ಹಾಕುವ ಮೆಷೀನ್ ನಡೆಸುತ್ತೇನೆ. ಈ ವಯಸ್ಸಿನಲ್ಲಿ ಯಾಕಮ್ಮಾ ಎಂದು ಮಗಳು ರೇಗುತ್ತಾಳೆ. ಇಟ್ ಈಸ್ ಮೈ ಮೆಷೀನ್, ಅಷ್ಟೆ.

ಹೋದ ವರ್ಷ ಅಲ್ಲಿ ಹೊಸ ಪದ್ಧತಿ ಬಂತು. ಮೆಷೀನ್ ಕೆಟ್ಟು ನಿಂತ ಮೇಲೆ ಮೆಕ್ಯಾನಿಕ್‌ಗೆ ಹೇಳಿಕಳಿಸುವುದಲ್ಲ. ನಡೆಸುವವರೇ ದಿನಾ ಬೆಳಿಗ್ಗೆ ಅದನ್ನು ಒರೆಸುತ್ತ, ಮುಟ್ಟಿ ನೋಡುತ್ತ, ಎಲ್ಲಿ ಎಣ್ಣೆ ಜಿನುಗುತ್ತಿದೆ, ಎಲ್ಲಿ ಬೋಲ್ಟ್ ಸಡಿಲವಾಗಿದೆ ಎಂದು ಹುಡುಕಿ ಅಲ್ಲೊಂದು ಕೆಂಪು ಚೀಟಿ ಕಟ್ಟಬೇಕು. ಮೆಕ್ಯಾನಿಕ್ ಸರಿಮಾಡಿ ಚೀಟಿ ಬಿಚ್ಚುತ್ತಾನೆ. ಚೆನ್ನಾಗಿ ನೋಡಿಕೊಂಡವರಿಗೆ, ಬರಲಿರುವ ದೊಡ್ಡ ಹೊಸ ಮೆಷೀನ್ ಎಂದರು ಮ್ಯಾನೇಜರ್. ಅದು ನನ್ನದೇ ಎಂದುಕೊಂಡೆ.

ಕಾನ್ವೆಂಟಿನಲ್ಲಿ ಸಿಸ್ಟರುಗಳು ಉಗುರು, ಕರ್ಚೀಫು ನೋಡಿ, ಕೊಳಕಿದ್ದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ನನ್ನ ಹೆಸರು ಒಂದು ದಿನವೂ ಬರಲಿಲ್ಲ. ನನ್ನ ಮೆಷೀನೂ ಹಾಗೇ, ಸ್ಪಾಟ್‌ಲೆಸ್. ಒಂದೇ ಒಂದು ಚೀಟಿ ಇಲ್ಲ. ಪಕ್ಕದ ಮೆಷೀನ್ ಧಾರವಾಡದ ಹುಡುಗಿಯದು. ಹರಕೆ ಕಟ್ಟಿದ ಮರದ ಹಾಗೆ ಅದರ ಮೈತುಂಬ ಕೆಂಪು ಚೀಟಿಗಳು ತೂಗುತ್ತಿದ್ದವು. ಪೂರ್ ಥಿಂಗ್, ಎಂದುಕೊಂಡೆ.

ಮ್ಯಾನೇಜರ್ ಬಂದವರು ಅವಳ ಮೆಷೀನಿನ ಮುಂದೆ ನಿಂತು "ಬ್ಯೂಟಿಫುಲ್!" ಎಂದರು. ವ್ಯಂಗ್ಯವೆಂದು ನಕ್ಕೆ. ಅಲ್ಲ, ಎಷ್ಟೊಂದು ದೋಷ ಹಿಡಿದಿದ್ದಾಳೆ ಎಂದು ಎಲ್ಲರನ್ನೂ ಕರೆದು ತೋರಿಸಿದರು. ನನ್ನದನ್ನು ತಿರುಗಿಯೂ ನೋಡಲಿಲ್ಲ.

"ಆಂಟಿ, ನಿಮ್ದು ಭಾಳ ಪುಣ್ಯವಂತ ಮಷಿನ್ ಬಿಡ್ರಿ," ಎಂದಳು ಅವಳು ಊಟದ ಹೊತ್ತಿನಲ್ಲಿ. "ನೆಗಡೀನೂ ಬರಂಗಿಲ್ಲ!"

"ನೋಡ್ಕೊಂಡ್ರೆ ಯಾಕಮ್ಮಾ ಬರತ್ತೆ?" ಎಂದೆ.

ಮರುದಿನ ನಾನೂ ಕಟ್ಟಿದೆ. ಬಣ್ಣ ಕಿತ್ತುಬಂದಲ್ಲಿ, ಗಾಜು ಮಸುಕಾದಲ್ಲಿ, ಸುಮ್ಮನೆ ಖಾಲಿ ಕಂಡಲ್ಲಿ. ಮೆಕ್ಯಾನಿಕ್ ಬಂದು "ನಥಿಂಗ್ ರಾಂಗ್, ಮ್ಯಾಮ್" ಎಂದು ಒಂದೊಂದನ್ನೇ ಬಿಚ್ಚಿ ನನ್ನ ಕೈಗೇ ಕೊಟ್ಟ.

ಒಂದು ಮಧ್ಯಾಹ್ನ ಊಟ ಮುಗಿಸಿ ಬಂದರೆ, ನನ್ನ ಮೆಷೀನಿನ ಮೋಟಾರಿಗೆ ಅವಳ ಅಕ್ಷರದ ಚೀಟಿ! ನನ್ನ ಅಡಿಗೆಮನೆಗೆ ನುಗ್ಗಿ ಸಾರಿಗೆ ಉಪ್ಪು ಹಾಕಿದ ಹಾಗಾಯಿತು.

"ಯಾರನ್ನ ಕೇಳಿ ಕಟ್ಟಿದೆ?"

"ಸಿಟ್ಟಾಗಬ್ಯಾಡ್ರಿ ಆಂಟಿ. ನಡುನಡುವ ಕರ್ ಕರ್ ಅಂತೈತ್ರಿ."

ಮೆಕ್ಯಾನಿಕ್ ಮೋಟಾರು ಬಿಚ್ಚಿ ನೋಡಿದರೆ ಒಳಗಿನ ಬೇರಿಂಗ್ ಸವೆದುಹೋಗಿತ್ತು. ಇನ್ನು ಕೆಲವೇ ದಿನಗಳಲ್ಲಿ ಇಡೀ ಲೈನ್ ನಿಲ್ಲುತ್ತಿತ್ತಂತೆ. ಎಲ್ಲರೂ ಅವಳಿಗೆ ಚಪ್ಪಾಳೆ ತಟ್ಟಿದರು. ಕಾಯಿಲೆ ನನ್ನ ಮೆಷೀನಿಗೆ, ಹೊಗಳಿಕೆ ಅವಳಿಗೆ. ಹೊಸ ಮೆಷೀನೂ ಅವಳಿಗೇ ಹೋಯಿತು. ಕಂಗ್ರಾಜುಲೇಷನ್ಸ್ ಎಂದೆ, ಹಾಗಲಕಾಯಿ ಅಗಿದವಳಂತೆ.

ಹೊಸ ಮೆಷೀನ್ ಬಂದ ಮೊದಲ ದಿನ ನನ್ನನ್ನೇ ಕರೆದಳು. "ನೀವೂ ಒಮ್ಮೆ ನೋಡ್ರಿ ಆಂಟಿ, ನಂಗೇನೂ ಸಿಗವಲ್ದು." ಸುತ್ತು ಬಂದೆ, ಸವರಿದೆ. ಐ ವಾಸ್ ಪ್ರೇಯಿಂಗ್, ಏನಾದರೂ ಕೆಟ್ಟಿರಲಿ ಎಂದು. ಕೆಳಗಿನ ತಗಡಿನ ಬೋಲ್ಟೊಂದು ಬೆರಳಿಗೆ ಅಲುಗಿತು. ಅವಳ ಎದುರಿಗೇ ಚೀಟಿ ಕಟ್ಟಿ, ಮುಖ ಬಾಡುವುದನ್ನು ನೋಡಲು ಎದ್ದು ನಿಂತೆ.

"ಏ, ಹಿಡದ್ರಿ ನೋಡ್ರಿ!" ಎಂದು ಕುಣಿದಳು. "ಆಂಟಿ ಫೌಂಡ್ ಇಟ್!" ಎಂದು ತಾನೇ ಕೂಗಿ ಮ್ಯಾನೇಜರನ್ನು ಕರೆದಳು. ತಾನೇ ಹುಡುಕಿದಷ್ಟು ಸಂತೋಷ ಆ ಮುಖದಲ್ಲಿ.

ಹೊಸ ಮೆಷೀನ್ ಕೈತಪ್ಪಿದ್ದಕ್ಕಿಂತ ಆ ಮುಖ ಕಂಡೇ ನನ್ನ ಹೊಟ್ಟೆ ಹೆಚ್ಚು ಉರಿಯಿತು.