ನನ್ನದಲ್ಲದ ಕ್ಷಮೆ

ಕೊಡುವ ಹಕ್ಕೇ ಇಲ್ಲದ ಕ್ಷಮೆಯೊಂದನ್ನು ನಾನು ಕೊಟ್ಟುಬಿಟ್ಟೆ. ಅದಕ್ಕಾಗಿ ಒಂದು ಸುಳ್ಳನ್ನೂ ಹೇಳಿದೆ.

ಕೊರೊನಾದ ಎರಡನೇ ಅಲೆಯಲ್ಲಿ, ಅರಕಲಗೂಡಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ನನ್ನ ತಂಗಿ ನಾಗುವಿಗೆ ಜ್ವರ ಬಂತು. ನಮ್ಮ ಮನೆಯವರಿಗೆಲ್ಲ ಬೇಕಾದ ಹಳೆಯ ಡಾಕ್ಟರ ಬಳಿ ನಾನೇ ಕರೆದೊಯ್ದೆ. "ನಂಗೆ ಶುಗರ್ ಐತೆ ಸಾ," ಎಂದಳು. ಅವರು ತಲೆ ಎತ್ತದೆ ಚೀಟಿ ಬರೆಯುತ್ತಿದ್ದರು. ಮತ್ತೆ ಹೇಳಿದಳು. "ಸುಮ್ನಿರಮ್ಮ, ಆಚೆ ಎಷ್ಟು ಜನ ಕಾಯ್ತಾವ್ರೆ ನೋಡು," ಎಂದು, ಶುಗರ್ ಏರಿಸುವ ಸ್ಟೀರಾಯ್ಡ್ ಇಂಜೆಕ್ಷನ್ ಶುರು ಮಾಡಿದರು. ರಕ್ತ ಪರೀಕ್ಷೆ ಮಾಡಿಸಲೇ ಇಲ್ಲ. ಜ್ವರ ಬಿಟ್ಟಿತು. ಆಮೇಲೆ ಕೆನ್ನೆ ಊದಿಕೊಂಡಿತು — ಕಪ್ಪು ಶಿಲೀಂಧ್ರ. ಜೀವ ಉಳಿಸಲು ಬಲಗಣ್ಣನ್ನೇ ತೆಗೆದರು.

ನಾಗು ಹಾಸನದ ಆರೋಗ್ಯ ಇಲಾಖೆಗೆ ದೂರು ಕೊಟ್ಟಳು. ಡಾಕ್ಟರು ಹೊಳೆನರಸೀಪುರದ ನನ್ನ ಮನೆಗೆ ಬಂದು ಅತ್ತರು. ನನ್ನ ಮಕ್ಕಳಿಗೆಲ್ಲ ಮದ್ದು ಕೊಟ್ಟ ಕೈಗಳನ್ನೇ ನನ್ನೆದುರು ಜೋಡಿಸಿದರು. "ಬುಡಿ ಸಾ, ನಾವು ಕ್ಷಮಿಸಿದ್ದೀವಿ," ಎಂದೆ. ನಾವು, ಎಂದೆ. ಹಾಗೆನ್ನುವಾಗ ಎಷ್ಟು ಹಿತವಾಗಿತ್ತು, ನಾನೆಷ್ಟು ದೊಡ್ಡವಳು ಎಂದು... ವಿಚಾರಣೆಗೆ ಬಂದವರು ಕೇಳಿದಾಗ, ಶುಗರ್ ವಿಷಯ ನಾಗು ಡಾಕ್ಟರಿಗೆ ತಿಳಿಸಿದ್ದು ನೆನಪಿಲ್ಲ ಎಂದೆ. ನೆನಪಿತ್ತು. ದೂರು ಅಲ್ಲಿಗೇ ನಿಂತಿತು.

ನಾಗು ಬಂದಳು. ಬಾಗಿಲಲ್ಲೇ ನಿಂತು ಕೇಳಿದಳು: "ಕಣ್ಣು ಓಗಿದ್ದು ನಿಂದಾ ಅಕ್ಕ?" ಮತ್ತೆಂದೂ ನಮ್ಮ ಮನೆ ಮೆಟ್ಟಲಿಲ್ಲ.

ಈಗ ಎಲ್ಲರೂ ನನಗೆ ಬುದ್ಧಿ ಹೇಳುತ್ತಾರೆ — ಆ ಕಾಲವೇ ಹಾಗಿತ್ತು, ಯಾರಿಗೆ ಏನು ಗೊತ್ತಿತ್ತು, ಹಳೆಯದನ್ನು ಕೆದಕಬೇಡ. ಹಾಸಿಗೆ ಇರಲಿಲ್ಲ, ಆಮ್ಲಜನಕ ಇರಲಿಲ್ಲ; ಅದಕ್ಕೆ ಡಾಕ್ಟರನ್ನು ದೂರುವುದಿಲ್ಲ. ಆದರೆ ಎದುರು ಕೂತವಳ ಮಾತು ಕಿವಿಗೆ ಹಾಕಿಕೊಳ್ಳಲು ಯಾವ ಸಿಲಿಂಡರ್ ಬೇಕಿತ್ತು? ಅವರ ಕಣ್ಣೀರು ನಿಜವೇ ಇರಬಹುದು. ಇರಲಿ. ಅತ್ತವರೂ ಉತ್ತರ ಕೊಡಬೇಕು. ನಾನೂ ಕೊಡಬೇಕು.

ಹೋದ ವಾರ ಹಾಸನಕ್ಕೆ ಹೋಗಿ ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡೆ. "ಮತ್ತೆ ವಿಚಾರಣೆಗೆ ಕರೀತೀವಿ, ನಿಮ್ ಮೇಲೂ ಕೇಸ್ ಆಗ್ಬೌದು ಕಣಮ್ಮ," ಎಂದರು ಅಧಿಕಾರಿ. ಆಗಲಿ, ಎಂದೆ.

ಸುದ್ದಿ ತಿಳಿದು ಡಾಕ್ಟರು ಫೋನ್ ಮಾಡಿದರು. "ಈ ವಯಸ್ಸಲ್ಲಿ ನನ್ನ ಮರ್ಯಾದೆ ತೆಗೀತೀಯೇನಮ್ಮ?"

"ನಾನು ಸುಳ್ಳು ಹೇಳಿ ಉಳಿಸಿದ್ದ ಮರ್ಯಾದೆ ಸಾ ಅದು."

ಫೋನ್ ಇಟ್ಟು ನೇರ ನಾಗುವಿನ ಅಂಗಡಿಗೆ ಹೋದೆ. ಹೊಲಿಗೆ ಯಂತ್ರ ನಿಲ್ಲಿಸಿ ಪೂರ್ತಿ ಕೇಳಿದಳು. ಕೂತ್ಕಾ ಎನ್ನಲಿಲ್ಲ. "ಯಾವತ್ತು ಕರೀತಾರಂತೆ? ನಾನೂ ಬತ್ತೀನಿ," ಎಂದಳು, ಅಷ್ಟೇ.

ಕ್ಷಮಿಸು ಎಂಬ ಮಾತು ನನ್ನ ಬಾಯಿವರೆಗೂ ಬಂದಿತ್ತು — ಕೇಳಲಿಲ್ಲ. ಮೊದಲು ಎಲ್ಲರೆದುರು ಸಾಕ್ಷಿ ಹೇಳಬೇಕು. ಆಮೇಲೂ ಕೇಳುವುದಿಲ್ಲ. ಕೊಡುವುದೋ ಬಿಡುವುದೋ, ಅದು ಅವಳದು.